ಗೆಲ್ಲುವ ಕುದುರೆಯೇ ಬೇಕೆ ನಮಗೆ?

ಸೋದರಿಯರೇ, ಮದುವೆ ಮನೆಗೆ ಹೋಗಿ ಅಕ್ಷತೆ ಹಾಕಿ, ಊಟ ಮುಗಿಸಿ, ತಾಂಬೂಲ ತೆಗೆದುಕೊಂಡು ಬರುವುದು ನಮಗೆಲ್ಲ ರೂಢಿ. ಗಂಡು ಯಾರು, ಏನು ಓದಿದ್ದಾನೆ, ಗುಣ ಹೇಗೆ ಎಂದು ಆ ಹೊತ್ತಿನಲ್ಲಿ ನಮ್ಮನ್ನು ಯಾರೂ ಕೇಳುವುದಿಲ್ಲ. ಅದೆಲ್ಲ ಹಿರಿಯರು ಕೂತು ಮುಗಿಸಿದ ಮಾತು. ನಮ್ಮ ಪಾಲಿಗೆ ಉಳಿದಿರುವುದು ನಾಲ್ಕು ಕಾಳು ಅಕ್ಷತೆ ಮಾತ್ರ.

ಚುನಾವಣೆಯೂ ಹೆಚ್ಚು ಕಡಿಮೆ ಹೀಗೇ ಅಲ್ಲವೇ? ಮತಯಂತ್ರದ ಮುಂದೆ ನಿಂತಾಗ ಅಲ್ಲಿ ಹೆಸರುಗಳು ಮೊದಲೇ ಇರುತ್ತವೆ. ಆ ಹೆಸರು ಅಲ್ಲಿಗೆ ಹೇಗೆ ಬಂತು, ಯಾರು ಆರಿಸಿದರು, ಯಾಕೆ ಆರಿಸಿದರು ಎಂದು ನಾವು ಕೇಳಿದ್ದುಂಟೆ? ನಾನಂತೂ ಬಹಳ ವರ್ಷ ಕೇಳಿರಲಿಲ್ಲ. ಕೇಳಬೇಕು ಅನ್ನಿಸಿದ್ದು ನನ್ನಿಂದಲೇ ಒಂದು ತಪ್ಪು ನಡೆದ ಮೇಲೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಮ್ಮ ಚಿಕ್ಕಬಾಣಾವರ ಆಗ ಇನ್ನೂ ಗ್ರಾಮ ಪಂಚಾಯ್ತಿ. ಚುನಾವಣೆ ಹತ್ತಿರ ಬಂದಿತ್ತು, ನಮ್ಮ ಕಡೆಯ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಒಬ್ಬಾಕೆ ಇದ್ದಾಳೆ. ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯುವವಳು ಅವಳೇ. ಒಂದು ರೂಪಾಯಿ ಅತ್ತಿತ್ತ ಆದದ್ದಿಲ್ಲ. ಕೊಳವೆ ಬಾವಿ ಮೋಟಾರು ಕೆಟ್ಟಾಗ ಹತ್ತು ಜನರ ಸಹಿ ಹಾಕಿಸಿ ಅರ್ಜಿ ಬರೆದವಳೂ ಅವಳೇ. ಒಂದು ಸಂಜೆ ನೀರಿನ ಟ್ಯಾಂಕರಿಗೆ ಕಾಯುತ್ತಾ ಎಲ್ಲರೂ ನಿಂತಿದ್ದಾಗ ಯಾರೋ ಅವಳ ಹೆಸರು ಎತ್ತಿದರು. "ಇವಳೇ ನಿಲ್ಲಲಿ ಕಣ್ರೀ" ಎಂದರು. ನಾನು ಹಿಂದೆ ಮುಂದೆ ನೋಡದೆ, "ಒಳ್ಳೆಯವಳೇ, ಆದ್ರೆ ಗೆಲ್ಲೋಲ್ಲ ಬಿಡಿ. ದುಡ್ಡಿರೋರ ಮುಂದೆ ಇವಳೆಲ್ಲಿ?" ಎಂದುಬಿಟ್ಟೆ. ಅವಳು ಬಿಂದಿಗೆ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಏನೂ ಅನ್ನಲಿಲ್ಲ, ನಕ್ಕು ಸುಮ್ಮನಾದಳು. ನಾಮಪತ್ರ ಹಾಕಲಿಲ್ಲ.

ಗೆದ್ದವರು ಬೇರೆ ಒಬ್ಬ ಹೆಂಗಸು. ಐದು ವರ್ಷ ಆಕೆಯ ಮುಖ ನಾವು ನೋಡಿದ್ದು ಕಡಿಮೆ, ಅವರ ಯಜಮಾನರ ಮುಖ ನೋಡಿದ್ದೇ ಹೆಚ್ಚು.

ಅಲ್ಲಿ ಟಿಕೆಟ್ ಕೊಡುವ ಪಕ್ಷ ಇರಲಿಲ್ಲ. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲ. ಅವಳ ಹೆಸರನ್ನು ಅಳಿಸಿದ್ದು ಯಾವ ದೊಡ್ಡ ನಾಯಕರೂ ಅಲ್ಲ, ನಾನು. ಅದೂ "ಗೆಲ್ಲೋಲ್ಲ" ಅನ್ನುವ ಒಂದೇ ಮಾತಿನಿಂದ.

ಅಮೆರಿಕದಲ್ಲಿ ಹೆಣ್ಣು ನೋಡುವ ಶಾಸ್ತ್ರ!

ನನ್ನ ಅಕ್ಕನ ಮಗಳು ಮದುವೆಯಾಗಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾಳೆ. ಕಾರು ತಯಾರಿಸುವ ಡೆಟ್ರಾಯಿಟ್ ಪಟ್ಟಣ ಇರುವ ರಾಜ್ಯ ಅದು. ಅವಳಿಗೆ ಅಲ್ಲಿನ ಪೌರತ್ವ ಸಿಕ್ಕಿ ವೋಟೂ ಬಂದಿದೆ. 2020ರ ಮಾರ್ಚ್ ತಿಂಗಳಲ್ಲಿ ಫೋನು ಮಾಡಿದಾಗ, "ಚಿಕ್ಕಮ್ಮ, ಈ ವಾರ ವೋಟು ಹಾಕಬೇಕು" ಎಂದಳು. ನನಗೆ ಆಶ್ಚರ್ಯ. ಅವರ ಅಧ್ಯಕ್ಷರ ಚುನಾವಣೆ ನವೆಂಬರಿನಲ್ಲಿ ಅಲ್ಲವೇ? "ಅದು ದೊಡ್ಡ ಚುನಾವಣೆ ಚಿಕ್ಕಮ್ಮ, ಇದು ಪ್ರೈಮರಿ. ಪಕ್ಷದಿಂದ ಯಾರು ನಿಲ್ಲಬೇಕು ಅಂತ ಆರಿಸೋ ಚುನಾವಣೆ" ಎಂದು ಬಿಡಿಸಿ ಹೇಳಿದಳು.

ನನಗೆ ತಿಳಿದಷ್ಟು ನಿಮಗೂ ಹೇಳುತ್ತೇನೆ. ಅಲ್ಲಿ ಡೆಮಾಕ್ರಟಿಕ್, ರಿಪಬ್ಲಿಕನ್ ಎಂದು ಎರಡು ದೊಡ್ಡ ಪಕ್ಷಗಳು. ಒಂದೊಂದು ಪಕ್ಷದಲ್ಲೂ ಅಧ್ಯಕ್ಷ ಪದವಿಗೆ ನಿಲ್ಲಬೇಕೆನ್ನುವವರು ಹತ್ತಾರು ಮಂದಿ. ಅವರಲ್ಲಿ ಒಬ್ಬರನ್ನು ಆರಿಸಲು ರಾಜ್ಯದಿಂದ ರಾಜ್ಯಕ್ಕೆ ಮತದಾನ ನಡೆಯುತ್ತಾ ಹೋಗುತ್ತದೆ. ಮನೆಯಲ್ಲಿರುವ ಹೆಂಗಸು, ಅಂಗಡಿಯಾತ, ಮೇಷ್ಟರು, ಎಲ್ಲರೂ ಮತ ಹಾಕಬಹುದು. ಕೆಲವು ರಾಜ್ಯಗಳಲ್ಲಿ ಆ ಪಕ್ಷಕ್ಕೆ ಸೇರಿದವರೆಂದು ಹೆಸರು ಬರೆಸಿರಬೇಕು. ಮಿಷಿಗನ್‌ನಲ್ಲಿ ಅದೂ ಬೇಡ, ಯಾವ ಪಕ್ಷದ ಮತಪತ್ರ ಬೇಕೆಂದು ಕೇಳಿ ಪಡೆದರೆ ಸಾಕು. ರಾಜ್ಯ ರಾಜ್ಯಗಳಲ್ಲಿ ಸಿಕ್ಕ ಮತದಂತೆ ಪ್ರತಿನಿಧಿಗಳು ಆಯ್ಕೆಯಾಗಿ, ಕೊನೆಗೆ ಪಕ್ಷದ ಮಹಾಸಭೆಯಲ್ಲಿ ಅವರು ಅಭ್ಯರ್ಥಿಯನ್ನು ಘೋಷಿಸುತ್ತಾರೆ. ಅಂದರೆ ಅಕ್ಷತೆ ಹಾಕುವುದಕ್ಕೆ ಮೊದಲು ಗಂಡು ನೋಡುವ ಶಾಸ್ತ್ರಕ್ಕೂ ಊರವರನ್ನೆಲ್ಲ ಕರೆಯುತ್ತಾರೆ ಅನ್ನಿ!

ಇದು ಅಲ್ಲಿಯೂ ಮೊದಲಿನಿಂದ ಹೀಗಿರಲಿಲ್ಲ. 1968ರಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಸಭೆ ಷಿಕಾಗೋ ನಗರದಲ್ಲಿ ನಡೆದಾಗ ಹ್ಯೂಬರ್ಟ್ ಹಂಫ್ರಿ ಎಂಬುವವರು ಅಭ್ಯರ್ಥಿಯಾದರು. ಅವರು ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸಿರಲಿಲ್ಲ, ಪಕ್ಷದ ದೊಡ್ಡವರು ಸೇರಿ ತೀರ್ಮಾನ ಮಾಡಿದ್ದರು. ಸಭೆಯ ಹೊರಗೆ ಯುದ್ಧ ಬೇಡವೆಂದು ಕೂಗುತ್ತಿದ್ದ ಯುವಕರಿಗೂ ಪೊಲೀಸರಿಗೂ ದೊಡ್ಡ ಗಲಾಟೆಯೇ ಆಯಿತು. ಹಂಫ್ರಿ ಆ ವರ್ಷ ಸೋತರು. ಆಮೇಲೆ ಪಕ್ಷದವರು ನಿಯಮ ಬದಲಿಸಿದರು. 1972ರಿಂದ ಈಚೆಗೆ ಅಭ್ಯರ್ಥಿ ಯಾರೆಂಬುದು ಮುಖ್ಯವಾಗಿ ಜನರ ಮತದಿಂದಲೇ ತೀರ್ಮಾನವಾಗುತ್ತಾ ಬಂದಿದೆ.

ಅವರಿಗೂ ನಮ್ಮದೇ ರೋಗ

"ಹಾಗಾದ್ರೆ ನೀವೇ ಪುಣ್ಯವಂತರು ಬಿಡೇ" ಎಂದೆ. ಅವಳು ನಕ್ಕಳು. "ಎಲ್ಲಿ ಚಿಕ್ಕಮ್ಮ! ನಾನು ಇಷ್ಟಪಟ್ಟಾಕೆ ನಮ್ಮ ರಾಜ್ಯದ ಸರದಿ ಬರೋ ಮೊದಲೇ ಕಣದಿಂದ ಹೊರಟುಹೋದಳು."

ಆ ವರ್ಷ ಡೆಮಾಕ್ರಟಿಕ್ ಪಕ್ಷದಲ್ಲಿ ಹಲವು ಹೆಂಗಸರು ಕಣಕ್ಕೆ ಇಳಿದಿದ್ದರು. ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ 2019ರ ಡಿಸೆಂಬರಿನಲ್ಲೇ, ಒಂದು ಮತವೂ ಬೀಳುವ ಮೊದಲೇ ಹಿಂದೆ ಸರಿದರು. ಏಮಿ ಕ್ಲೋಬುಚಾರ್ ಮಾರ್ಚ್ 2ರಂದು ನಿಂತರು. ಎಲಿಜಬೆತ್ ವಾರೆನ್ ಮಾರ್ಚ್ 5ರಂದು ಹೊರಬಂದರು. ಮಿಷಿಗನ್ ಮತದಾನ ಮಾರ್ಚ್ 10ಕ್ಕೆ. ಅಷ್ಟರಲ್ಲಿ ಮುಖ್ಯವಾಗಿ ಉಳಿದಿದ್ದವರು ಇಬ್ಬರು ವಯಸ್ಸಾದ ಗಂಡಸರು, ಜೋ ಬೈಡನ್ ಮತ್ತು ಬರ್ನಿ ಸ್ಯಾಂಡರ್ಸ್.

ನನ್ನ ಅಕ್ಕನ ಮಗಳು ಹೇಳಿದ ಇನ್ನೊಂದು ಮಾತು ನನ್ನ ಎದೆಗೆ ನಾಟಿತು. "ಇಲ್ಲಿ ಎಲ್ಲರೂ ಏನಂತಾರೆ ಗೊತ್ತಾ ಚಿಕ್ಕಮ್ಮ? ನನಗೇನೋ ಅವಳು ಇಷ್ಟಾನೇ, ಆದ್ರೆ ಅಕ್ಕಪಕ್ಕದೋರು ಹೆಂಗಸಿಗೆ ವೋಟು ಹಾಕ್ತಾರಾ? ಅದಕ್ಕೇ ಗೆಲ್ಲೋರಿಗೆ ಹಾಕೋಣ ಅಂತಾರೆ. ಅಕ್ಕಪಕ್ಕದೋರನ್ನ ಕೇಳಿದ್ರೆ ಅವರೂ ಇದನ್ನೇ ಅಂತಾರೆ."

ನೋಡಿದಿರಾ? ನೀರಿನ ಟ್ಯಾಂಕರಿನ ಹತ್ತಿರ ನಾನು ಆಡಿದ ಮಾತೇ! ಸಾವಿರಾರು ಮೈಲಿ ದೂರದ, ಬಹಳ ಓದಿದವರ ದೇಶದಲ್ಲೂ ಅದೇ ಮಾತು. ಪ್ರತಿಯೊಬ್ಬರೂ ಇನ್ನೊಬ್ಬರ ಮನಸ್ಸನ್ನು ಊಹಿಸಿಕೊಂಡು ತಮ್ಮ ಮನಸ್ಸನ್ನು ಪಕ್ಕಕ್ಕೆ ಇಡುತ್ತಾರೆ. ಹತ್ತು ಜನ ಹೀಗೆ ಮಾಡಿದರೆ, ಹತ್ತು ಜನಕ್ಕೂ ಬೇಕಾಗಿದ್ದವಳು ಸೋಲುತ್ತಾಳೆ. ಆಮೇಲೆ "ನಾನು ಹೇಳಲಿಲ್ಲವೇ ಗೆಲ್ಲೋಲ್ಲ ಅಂತ" ಎನ್ನುತ್ತೇವೆ.

ಆದರೆ ಈ ಊಹೆ ಎಷ್ಟು ಗಟ್ಟಿ? ಅದೇ ಬೈಡನ್ ಅವರನ್ನೇ ನೋಡಿ. ಮೊದಲು ಮತದಾನ ನಡೆದ ಅಯೋವಾದಲ್ಲಿ ನಾಲ್ಕನೆಯವರು, ನ್ಯೂಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಇವರ ಕಥೆ ಮುಗಿಯಿತು ಎಂದರು. ಫೆಬ್ರವರಿ 29ರಂದು ಸೌತ್ ಕೆರೊಲಿನಾ ರಾಜ್ಯದಲ್ಲಿ ಗೆದ್ದರು, ಎರಡು ವಾರದೊಳಗೆ ಗಾಳಿಯೇ ತಿರುಗಿತು. ಗೆಲ್ಲೋಲ್ಲ ಎಂದವರೇ ಗೆಲ್ಲುವವರಾದರು.

ಮಿಷಿಗನ್‌ನಲ್ಲೇ ಇನ್ನೊಂದು ಕಥೆ ಇದೆ, ನಮ್ಮ ಬೆಳಗಾವಿಗೆ ಸೇರಿದ್ದು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಎಂಬ ಮರಾಠಿ ಮನೆಯವರು ಅಮೆರಿಕಕ್ಕೆ ಹೋಗಿ ಉದ್ಯಮಿಯಾದರು. 2018ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಪದವಿಯ ಪ್ರೈಮರಿಯಲ್ಲಿ ನಿಂತು ಮೂರನೆಯವರಾಗಿ ಸೋತರು. ತಮ್ಮದೇ ಹಣ ಕೋಟಿಗಟ್ಟಲೆ ಖರ್ಚು ಮಾಡಿದ್ದರು. ಆ ಸಲ ಪಕ್ಷದ ಜನ ಆರಿಸಿದ್ದು ಗ್ರೆಚನ್ ವಿಟ್ಮರ್ ಎಂಬ ಹೆಂಗಸನ್ನು. ಮುಂದೆ ಅವರೇ ಗವರ್ನರ್ ಆದರು. ಥಾಣೇದಾರ್ ಬಿಡಲಿಲ್ಲ. 2022ರಲ್ಲಿ ಡೆಟ್ರಾಯಿಟ್ ಕಡೆಯ ಒಂದು ಸ್ಥಾನಕ್ಕೆ ಒಂಬತ್ತು ಜನರ ಪ್ರೈಮರಿಯಲ್ಲಿ ಗೆದ್ದು ಅಮೆರಿಕದ ಸಂಸತ್ತಿಗೆ ಹೋದರು. ಆ ಪ್ರೈಮರಿಯಲ್ಲಿ ಅವರಿಗೆ ಬಿದ್ದದ್ದು ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಮತ, ಉಳಿದದ್ದು ಎಂಟು ಜನರಲ್ಲಿ ಹಂಚಿಹೋಯಿತು. ಅಂದರೆ ಪ್ರೈಮರಿ ಎಂಬುದು ಚಿನ್ನದ ತಕ್ಕಡಿಯೇನೂ ಅಲ್ಲ. ದುಡ್ಡು ಅಲ್ಲೂ ಓಡಾಡುತ್ತದೆ. 2024ರ ಜುಲೈನಲ್ಲಿ ಬೈಡನ್ ಹಿಂದೆ ಸರಿದಾಗ ಕಮಲಾ ಹ್ಯಾರಿಸ್ ಪ್ರೈಮರಿಯ ಮತವಿಲ್ಲದೆಯೇ ಅಭ್ಯರ್ಥಿಯಾದದ್ದೂ ಉಂಟು. ಆದರೂ ಜನರನ್ನು ಕೇಳುವ ಒಂದು ಬಾಗಿಲು ಅಲ್ಲಿ ಇದೆ, ಅಷ್ಟು ನಿಜ.

ನಮ್ಮ ಕ್ಷೇತ್ರದಲ್ಲೇ ನಡೆದಿತ್ತು!

ಇದನ್ನೆಲ್ಲ ಕೇಳಿ ನಮ್ಮ ಯಜಮಾನರ ಹತ್ತಿರ ಹೇಳಿದರೆ ಅವರು, "ಅದು ನಮ್ಮಲ್ಲೂ ಒಂದು ಸಲ ಆಗಿತ್ತಲ್ಲೇ, ಮರೆತೆಯಾ?" ಎಂದರು. ಮರೆಯುವುದೇನು, ನನಗೆ ಗೊತ್ತೇ ಇರಲಿಲ್ಲ!

ನಮ್ಮ ಚಿಕ್ಕಬಾಣಾವರ ದಾಸರಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ದಾಸರಹಳ್ಳಿ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. 2014ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ ಪಕ್ಷ ರಾಹುಲ್ ಗಾಂಧಿಯವರ ಆಸಕ್ತಿಯಿಂದ ಅಮೆರಿಕದ ಪ್ರೈಮರಿಯ ಮಾದರಿಯನ್ನು ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರಯೋಗ ಮಾಡಿ ನೋಡಿತು. ಕರ್ನಾಟಕದಲ್ಲಿ ಆರಿಸಿದ್ದು ಎರಡು: ದಕ್ಷಿಣ ಕನ್ನಡ ಮತ್ತು ನಮ್ಮ ಬೆಂಗಳೂರು ಉತ್ತರ. ಪಕ್ಷದೊಳಗೇ ಮತಪೆಟ್ಟಿಗೆ ಇಟ್ಟು, ಟಿಕೆಟ್ ಬೇಕೆಂದವರ ನಡುವೆ ಚುನಾವಣೆ ನಡೆಸಿದರು. ಇಲ್ಲಿ ಗೆದ್ದವರು ಸಿ. ನಾರಾಯಣಸ್ವಾಮಿ. ಅವರು 1996ರಲ್ಲಿ ಜನತಾದಳದಿಂದ ಇದೇ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದವರು, ಪಂಚಾಯ್ತಿ ವ್ಯವಸ್ಥೆಯನ್ನು ಚೆನ್ನಾಗಿ ಬಲ್ಲವರೆಂದು ಹೆಸರು. ದಕ್ಷಿಣ ಕನ್ನಡದಲ್ಲಿ ಗೆದ್ದವರು ಹಿರಿಯರಾದ ಜನಾರ್ದನ ಪೂಜಾರಿ.

ಚುನಾವಣೆಯಲ್ಲಿ ಆದದ್ದೇನು? ಇಬ್ಬರೂ ಸೋತರು. ಇಲ್ಲಿ ಬಿಜೆಪಿಯ ಡಿ.ವಿ. ಸದಾನಂದ ಗೌಡರು ಎರಡು ಲಕ್ಷಕ್ಕಿಂತ ಹೆಚ್ಚು ಮತಗಳ ಅಂತರದಿಂದ ಗೆದ್ದರು, ಅಲ್ಲಿ ನಳಿನ್ ಕುಮಾರ್ ಕಟೀಲ್ ಗೆದ್ದರು. ಗುಜರಾತಿನ ವಡೋದರಾದಲ್ಲಂತೂ ಪ್ರೈಮರಿ ಗೆದ್ದ ನರೇಂದ್ರ ರಾವತ್ ಎಂಬುವವರು, ಅಲ್ಲಿ ನರೇಂದ್ರ ಮೋದಿಯವರು ನಿಲ್ಲುತ್ತಾರೆ ಎಂದು ಗೊತ್ತಾದ ಮೇಲೆ, ಪಕ್ಷದ ಹಿರಿಯ ಮಧುಸೂದನ ಮಿಸ್ತ್ರಿಯವರಿಗೆ ಜಾಗ ಬಿಟ್ಟುಕೊಟ್ಟರು.

"ನೋಡಿದ್ಯಾ, ಪ್ರೈಮರಿ ಪ್ರಯೋಜನಕ್ಕೆ ಬರಲಿಲ್ಲ" ಎಂದರು ನಮ್ಮವರು. ನನಗೆ ಹಾಗೆ ಅನ್ನಿಸಲಿಲ್ಲ. ಆ ಚುನಾವಣೆಯಲ್ಲಿ ಮತ ಹಾಕಿದವರು ಯಾರು? ಪಕ್ಷದ ಪದಾಧಿಕಾರಿಗಳು, ಮುಖಂಡರು. ನಮ್ಮ ಬೀದಿಯ ಹೆಂಗಸರನ್ನು ಯಾರೂ ಕರೆಯಲಿಲ್ಲ. ಹಿರಿಯರ ಸಂಖ್ಯೆ ಸ್ವಲ್ಪ ಹೆಚ್ಚಾಯಿತು ಅಷ್ಟೇ, ಅಕ್ಷತೆಯವರು ಅಕ್ಷತೆಯವರಾಗಿಯೇ ಉಳಿದೆವು. ಬಿಜೆಪಿಯೂ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಜಿಲ್ಲೆ ಜಿಲ್ಲೆಗಳಲ್ಲಿ ತನ್ನ ಪದಾಧಿಕಾರಿಗಳಿಂದ ಮತ ಹಾಕಿಸಿ ಯಾರು ಅಭ್ಯರ್ಥಿಯಾಗಬೇಕೆಂದು ಕೇಳಿತ್ತು. ಅದೂ ಒಳಗಿನವರ ಮಾತೇ. ಕೊನೆಯ ಪಟ್ಟಿ ದೆಹಲಿಯಿಂದಲೇ ಬಂತು.

ಇನ್ನೊಂದು ವಿಚಿತ್ರ ನೋಡಿ. ಬೆಂಗಳೂರು ಉತ್ತರದಿಂದ 2009ರಲ್ಲಿ ಗೆದ್ದವರು ಡಿ.ಬಿ. ಚಂದ್ರೇಗೌಡರು. 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಚಿಕ್ಕಮಗಳೂರಿನ ಸ್ಥಾನ ಬಿಟ್ಟುಕೊಟ್ಟರಲ್ಲ, ಅವರೇ. 2014 ಮತ್ತು 2019ರಲ್ಲಿ ಗೆದ್ದ ಸದಾನಂದ ಗೌಡರು ಅದಕ್ಕೆ ಮೊದಲು ಉಡುಪಿ-ಚಿಕ್ಕಮಗಳೂರಿನ ಸದಸ್ಯರಾಗಿದ್ದವರು. 2024ರಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ. ಬದಲಿಗೆ ಬಂದ ಶೋಭಾ ಕರಂದ್ಲಾಜೆಯವರೂ ಹತ್ತು ವರ್ಷ ಉಡುಪಿ-ಚಿಕ್ಕಮಗಳೂರಿನ ಸದಸ್ಯೆಯಾಗಿದ್ದವರೇ. ಅಲ್ಲಿ ಅವರಿಗೆ ಟಿಕೆಟ್ ಬೇಡವೆಂದು ಪಕ್ಷದ ಕೆಲವು ಕಾರ್ಯಕರ್ತರು ಪತ್ರ ಚಳುವಳಿಯನ್ನೇ ನಡೆಸಿದ್ದರು. ಇಲ್ಲಿ ನಿಂತು, ಕಾಂಗ್ರೆಸ್ಸಿನ ಎಂ.ವಿ. ರಾಜೀವ್ ಗೌಡರ ಎದುರು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಹೊರಗಿನಿಂದ ಬಂದವರು ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಒಬ್ಬ ಹೆಂಗಸು ಗೆದ್ದದ್ದಕ್ಕೆ ನನಗೆ ಸಂತೋಷವೂ ಇದೆ. ನಾನು ಕೇಳುವುದು ಇಷ್ಟೇ: ಈ ಮೂವರಲ್ಲಿ ಯಾರನ್ನಾದರೂ ನಮ್ಮ ಪೀಣ್ಯದ ಗಾರ್ಮೆಂಟ್ಸ್ ಹೆಂಗಸರೋ, ಅಬ್ಬಿಗೆರೆಯ ಗೃಹಿಣಿಯರೋ ಕೇಳಿ ತರಿಸಿಕೊಂಡಿದ್ದರೇ? ಇಲ್ಲ. ಬೇರೆ ಎಲ್ಲೋ ಸ್ಥಳ ಹೊಂದಿಸಲು ಇಲ್ಲಿಗೆ ಬಂದರು, ನಾವು ಚಿಹ್ನೆ ನೋಡಿ ಗುಂಡಿ ಒತ್ತಿದೆವು.

ನಾವು ಏನು ನೋಡಿ ವೋಟು ಹಾಕುತ್ತೇವೆ?

ನಮ್ಮ ಸಂಘದ ಸಭೆಯಲ್ಲಿ ಒಂದು ದಿನ ಇದನ್ನೇ ಕೇಳಿದೆ. ಎಲ್ಲರೂ ನಮ್ಮವರೇ ಆದ್ದರಿಂದ ಮುಚ್ಚುಮರೆ ಇಲ್ಲದೆ ಹೇಳಿದರು.

ಒಬ್ಬಾಕೆ, "ನಮ್ಮೋರು ಅಂತ ಹಾಕಿದೆ" ಎಂದಳು. ಜಾತಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಅರ್ಥವಾಯಿತು. ಇನ್ನೊಬ್ಬಾಕೆ, "ನಮ್ಮ ಮಾವನವರ ಕಾಲದಿಂದ ಆ ಚಿಹ್ನೆಗೇ ಹಾಕೋದು" ಎಂದಳು. ಎದುರು ಮನೆ ಅಜ್ಜಿ, "ನನ್ ಮಗ ತೋರಿಸಿದ್ದು" ಎಂದರು. ಒಬ್ಬಾಕೆ ಮೆಲ್ಲಗೆ, "ಕುಕ್ಕರ್ ಕೊಟ್ಟಿದ್ರು, ಆಮೇಲೆ ಹಾಕದೇ ಇದ್ರೆ ಮನಸ್ಸಿಗೆ ಒಂಥರಾ ಆಗುತ್ತೆ" ಎಂದಳು. ಮತ್ತೊಬ್ಬಾಕೆ, "ನಮ್ಮತ್ತೆ ತೀರಿಕೊಂಡಾಗ ಬಂದು ಹಾರ ಹಾಕಿದ್ರು" ಎಂದಳು.

ಹೆಸರು ಕೇಳಿದ್ದೇವೆ ಎಂಬುದೂ ಒಂದು ಕಾರಣ. 2004ರಲ್ಲಿ ಬೆಂಗಳೂರು ಉತ್ತರದಿಂದ ಎಚ್.ಟಿ. ಸಾಂಗ್ಲಿಯಾನಾ ಗೆದ್ದರು. ದೂರದ ಮಿಜೋರಾಮಿನಿಂದ ಬಂದ ಪೊಲೀಸ್ ಅಧಿಕಾರಿ. ರೈಲ್ವೆ ಮಂತ್ರಿಯಾಗಿದ್ದ ಜಾಫರ್ ಷರೀಫರು ಮತ್ತೆ ಮತ್ತೆ ಗೆದ್ದ ಕ್ಷೇತ್ರ ಅದು. ಆದರೆ ಸಾಂಗ್ಲಿಯಾನಾ ಎಂದರೆ ಕನ್ನಡಿಗರಿಗೆ ಅಪರಿಚಿತರೇ? 1988ರಲ್ಲಿ ಶಂಕರ್‌ನಾಗ್ ಅವರ ಹೆಸರಿನ ಪಾತ್ರವನ್ನೇ ಸಿನಿಮಾದಲ್ಲಿ ಮಾಡಿದ್ದರು! ದಕ್ಷ ಅಧಿಕಾರಿ ಎಂಬ ಹೆಸರು ಇತ್ತು, ಜನ ಮೆಚ್ಚಿದರು.

ಇಷ್ಟೆಲ್ಲ ಹೇಳಿದ ಮೇಲೂ ಹೆಚ್ಚು ಜನ ಹೇಳಿದ ಕಾರಣ ಒಂದೇ: "ಗೆಲ್ಲೋರಿಗೆ ಹಾಕಿದ್ರೆ ವೋಟು ವ್ಯರ್ಥ ಆಗೋಲ್ಲ." ಪಕ್ಷದವರು ಟಿಕೆಟ್ ಕೊಡುವಾಗಲೂ ಇದನ್ನೇ ಹೇಳುತ್ತಾರೆ. ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ, "ಗೆಲ್ಲುವ ಕುದುರೆಗೆ ಟಿಕೆಟ್" ಎಂದು. ಈ ಕುದುರೆ ಲೆಕ್ಕದಲ್ಲಿ ಮೊದಲು ಹಿಂದೆ ಬೀಳುವವಳು ಹೆಂಗಸು. 2023ರಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಗೆದ್ದ ಹೆಂಗಸರು ಹತ್ತೇ ಹತ್ತು ಜನ. ನಾವು ರಾಜ್ಯದ ಅರ್ಧ ಜನ ಇದ್ದೇವೆ. ಪಂಚಾಯ್ತಿಯಲ್ಲಿ ನಮಗೆ 1987ರ ಚುನಾವಣೆಯಲ್ಲೇ ಕಾಲು ಭಾಗ ಮೀಸಲಾತಿ ಸಿಕ್ಕಿತು, ದೇಶಕ್ಕೆಲ್ಲ ಆ ಕಾನೂನು ಬರುವುದಕ್ಕೂ ಮೊದಲು. 2010ರಿಂದ ಅದು ಅರ್ಧ ಆಗಿದೆ. ಅಲ್ಲಿ ಹೆಂಗಸರು ಗೆಲ್ಲುತ್ತಾರೆ, ಆಡಳಿತವನ್ನೂ ಮಾಡುತ್ತಾರೆ. ಮೀಸಲಾತಿ ಇಲ್ಲದ ಕಡೆ ಮಾತ್ರ "ಗೆಲ್ಲೋಲ್ಲ" ಎಂಬ ಮಾತು ಬಂದುಬಿಡುತ್ತದೆ.

ಈ ಕುದುರೆ ಲೆಕ್ಕ ಎಷ್ಟು ಸಲ ತಪ್ಪುತ್ತದೆ ನೋಡಿ. ಅದೇ 2023ರಲ್ಲಿ ಹರಪನಹಳ್ಳಿಯಲ್ಲಿ ಲತಾ ಮಲ್ಲಿಕಾರ್ಜುನ ಅವರಿಗೆ ಕಾಂಗ್ರೆಸ್ ಟಿಕೆಟ್ ಸಿಗಲಿಲ್ಲ. ಪಕ್ಷೇತರರಾಗಿ ನಿಂತರು, ಗೆದ್ದರು. ಅವರು ಉಪಮುಖ್ಯಮಂತ್ರಿಯಾಗಿದ್ದ ಎಂ.ಪಿ. ಪ್ರಕಾಶರ ಮಗಳು, ತಂದೆಯ ಹೆಸರು ನೆರವಾಗಿರಬಹುದು. ಆದರೂ ಟಿಕೆಟ್ ಕೊಡುವವರ ಲೆಕ್ಕವನ್ನು ಊರಿನ ಮತದಾರರು ಸುಳ್ಳು ಮಾಡಿದರು. ಅಥಣಿಯಲ್ಲಿ ಬಿಜೆಪಿ ಟಿಕೆಟ್ ತಪ್ಪಿದ ಲಕ್ಷ್ಮಣ ಸವದಿಯವರು ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. ಹಾಗೆಯೇ ಹೊರಬಂದ, ಮುಖ್ಯಮಂತ್ರಿಯಾಗಿದ್ದ ಜಗದೀಶ ಶೆಟ್ಟರರು ಹುಬ್ಬಳ್ಳಿಯಲ್ಲಿ ಸೋತರು. ನಮ್ಮ ದಾಸರಹಳ್ಳಿಯಲ್ಲೇ 2008, 2013ರಲ್ಲಿ ಗೆದ್ದ ಬಿಜೆಪಿಯ ಎಸ್. ಮುನಿರಾಜು ಅವರನ್ನು 2018ರಲ್ಲಿ ಸೋಲಿಸಿ ಜನತಾದಳದ ಆರ್. ಮಂಜುನಾಥ ಅವರನ್ನು ಕಳಿಸಿದೆವು, 2023ರಲ್ಲಿ ಮತ್ತೆ ಮುನಿರಾಜು ಅವರನ್ನೇ ಕರೆತಂದೆವು. ಯಾವ ಕುದುರೆ ಯಾವಾಗ ಗೆಲ್ಲುತ್ತದೆಂದು ಮೊದಲೇ ಹೇಳಬಲ್ಲವರು ಯಾರು?

ಸುಪ್ರೀಂ ಕೋರ್ಟು ಹೇಳಿದ ಮಾತು

ಈ ಮಾತನ್ನು ದೇಶದ ಅತ್ಯುನ್ನತ ನ್ಯಾಯಾಲಯವೂ ಹೇಳಿದೆ ಎಂದರೆ ನಂಬುತ್ತೀರಾ? 2020ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಕ್ರಿಮಿನಲ್ ಮೊಕದ್ದಮೆ ಇರುವವರಿಗೆ ಪಕ್ಷ ಟಿಕೆಟ್ ಕೊಟ್ಟರೆ, ಆ ಮೊಕದ್ದಮೆಗಳ ವಿವರ ಮತ್ತು ಅವರನ್ನೇ ಯಾಕೆ ಆರಿಸಿದೆವು ಎಂಬ ಕಾರಣವನ್ನು ಜನರಿಗೆ ತಿಳಿಯುವಂತೆ ಪ್ರಕಟಿಸಬೇಕು. ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಹಾಕಬೇಕು. ಮುಖ್ಯವಾದದ್ದು ಇದು: ಬರೀ "ಗೆಲ್ಲುತ್ತಾರೆ" ಎಂಬುದು ಕಾರಣವಾಗಬಾರದು, ಅವರ ಅರ್ಹತೆ, ಸಾಧನೆ ಹೇಳಬೇಕು.

ಪಕ್ಷದವರಿಗೇ ಈ ಕಾರಣ ಸಾಲದೆಂದ ಮೇಲೆ, ನಮಗೆ ಸಾಕೇ?

ಅಡುಗೆಮನೆಯಿಂದಲೇ ಮಾಡಬಹುದಾದದ್ದು

ನಮ್ಮಲ್ಲಿ ಪ್ರೈಮರಿ ಇಲ್ಲ, ನಾಳೆಯೇ ಬರುವುದೂ ಇಲ್ಲ. ಆದರೆ ಕೈ ಕಟ್ಟಿ ಕೂರಬೇಕಾಗಿಲ್ಲ. ನಾವು ನಮ್ಮ ಸಂಘದಲ್ಲಿ ಮಾತಾಡಿಕೊಂಡ ಕೆಲವು ವಿಷಯಗಳನ್ನು ಬರೆಯುತ್ತೇನೆ, ನಿಮಗೂ ಉಪಯೋಗವಾಗಬಹುದು.

1. ಟಿಕೆಟ್ ಘೋಷಣೆಗೆ ಮೊದಲೇ ಬಾಯಿ ಬಿಡಿ. ಚುನಾವಣೆಗೆ ಆರು ತಿಂಗಳು ಇರುವಾಗ ನಾಲ್ಕೈದು ಜನ ಸೇರಿ ನಿಮ್ಮ ಊರಿನ ಪಕ್ಷದ ಮುಖಂಡರನ್ನು ಕಂಡು, "ನಮಗೆ ಇಂಥವರು ಬೇಕು, ಇಂಥವರು ಬೇಡ" ಎಂದು ಹೇಳಿ. ಒಬ್ಬಳೇ ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಸಂಘವೇ ಹೋದರೆ ಬರೆದುಕೊಳ್ಳುತ್ತಾರೆ.

2. ಅಭ್ಯರ್ಥಿಯ ಪ್ರಮಾಣಪತ್ರ ಓದಿ. ನಾಮಪತ್ರದ ಜೊತೆ ಪ್ರತಿಯೊಬ್ಬರೂ ಆಸ್ತಿ, ಸಾಲ, ಓದು, ಮೊಕದ್ದಮೆಗಳ ವಿವರ ಕೊಡಲೇಬೇಕು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೂ, ಮೊಬೈಲ್ ಆ್ಯಪಿನಲ್ಲೂ ಅದು ಸಿಗುತ್ತದೆ. ಮಕ್ಕಳಿಂದ ತೆಗೆಸಿ ಓದಿಸಿಕೊಳ್ಳಿ. ಹುಡುಗಿಗೆ ಗಂಡು ನೋಡುವಾಗ ಇಷ್ಟಾದರೂ ವಿಚಾರಿಸುವುದಿಲ್ಲವೇ?

3. ಮನೆ ಬಾಗಿಲಿಗೆ ಬಂದಾಗ ಒಂದೇ ಪ್ರಶ್ನೆ ಕೇಳಿ. "ಇಲ್ಲಿಗೆ ಮೊದಲು ಯಾವಾಗ ಬಂದಿದ್ರಿ? ಯಾವ ಕೆಲಸಕ್ಕೆ?" ಉತ್ತರಕ್ಕಿಂತ ಮುಖ ನೋಡಿ.

4. ಸೀರೆ, ಕುಕ್ಕರ್, ಮೂಗುತಿ ಮುಟ್ಟಬೇಡಿ. ಕೊಡುವುದು ಹೇಗೆ ಅಪರಾಧವೋ, ಮತಕ್ಕಾಗಿ ತೆಗೆದುಕೊಳ್ಳುವುದೂ ಹಾಗೇ. ಹಂಚುವುದು ಕಂಡರೆ ಸಿ-ವಿಜಿಲ್ ಎಂಬ ಆ್ಯಪಿನಲ್ಲಿ ಫೋಟೋ ಹಾಕಿ ದೂರು ಕೊಡಬಹುದು. 1950 ಸಂಖ್ಯೆಗೆ ಫೋನು ಮಾಡಿಯೂ ವಿಚಾರಿಸಬಹುದು. ಈಗಾಗಲೇ ಪಡೆದಿದ್ದರೆ? ದೇವರ ಮುಂದೆ ಆಣೆ ಮಾಡಿಸಿಕೊಂಡಿದ್ದರೂ ಸರಿ, ಮತ ಗುಪ್ತ. ತಪ್ಪಿಗೆ ತಪ್ಪು ಸೇರಿಸಬೇಡಿ.

5. ಮಗಳ ಹೆಸರು ಸೇರಿಸಿ. ಹದಿನೆಂಟು ತುಂಬಿದ ಹೆಣ್ಣುಮಗಳ ಹೆಸರು, ಮದುವೆಯಾಗಿ ಬಂದ ಸೊಸೆಯ ಹೆಸರು ಪಟ್ಟಿಯಲ್ಲಿದೆಯೇ ನೋಡಿ. ಮೊದಲಿನಂತೆ ಜನವರಿಗೆ ಕಾಯಬೇಕಾಗಿಲ್ಲ, 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳನ್ನು ವಯಸ್ಸಿನ ಲೆಕ್ಕಕ್ಕೆ ಹಿಡಿಯುತ್ತಾರೆ.

6. ಯಾರೂ ಹಿಡಿಸದಿದ್ದರೆ ಮನೆಯಲ್ಲಿ ಕೂರಬೇಡಿ. 2013ರಿಂದ ಯಂತ್ರದಲ್ಲಿ "ಮೇಲಿನ ಯಾರೂ ಅಲ್ಲ" ಎಂಬ ಗುಂಡಿ ಇದೆ. ಅದಕ್ಕೆ ಎಷ್ಟು ಬಿದ್ದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ ನಿಜ. ಆದರೆ ನಿಮ್ಮ ಬೇಸರ ಲೆಕ್ಕಕ್ಕೆ ಸೇರುತ್ತದೆ.

7. "ಗೆಲ್ಲೋಲ್ಲ" ಎಂಬ ಮಾತನ್ನು ನಾಲಿಗೆಯಿಂದ ತೆಗೆದುಹಾಕಿ. ಒಳ್ಳೆಯವರೇ, ಕೆಲಸ ಬಲ್ಲವರೇ, ಕೈ ಶುದ್ಧವೇ ಎಂದು ಕೇಳಿ. ಗೆಲುವು ಆಮೇಲಿನ ಮಾತು. ಅದು ನಮ್ಮ ವೋಟಿನಿಂದಲೇ ತಾನೇ ಬರಬೇಕು?

ಇದನ್ನೆಲ್ಲ ಮಾಡಲು ಮನೆಯಲ್ಲಿ ಜಗಳವಾಡಬೇಕಾಗಿಲ್ಲ. ನಮ್ಮ ಯಜಮಾನರು ಒಂದು ಚಿಹ್ನೆ ಹೇಳುತ್ತಾರೆ, ನಾನು "ಆಯ್ತು ನೋಡೋಣ" ಎನ್ನುತ್ತೇನೆ. ಆ ರಟ್ಟಿನ ಮರೆಯ ಹಿಂದೆ ನಿಂತ ಎರಡು ನಿಮಿಷ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ.

ಈಗ ಮತ್ತೆ ಆ ನೆರೆಯವಳ ವಿಷಯಕ್ಕೆ ಬರುತ್ತೇನೆ. ನಮ್ಮೂರು ಈಗ ಪಂಚಾಯ್ತಿಯಲ್ಲ, ಪುರಸಭೆ. ಮೊನ್ನೆ ಒಂದು ರವಿಕೆ ಹೊಲಿಸುವ ನೆಪದಲ್ಲಿ ಅವಳ ಮನೆಗೆ ಹೋದೆ. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಹೇಳಿಯೇಬಿಟ್ಟೆ. "ಅವತ್ತು ನಾನು ಹಾಗನ್ನಬಾರದಿತ್ತು ಕಣಮ್ಮ. ತಪ್ಪಾಯ್ತು."

ಅವಳು ಮಿಷನ್ ನಿಲ್ಲಿಸಿದಳು. "ಅಯ್ಯೋ ಬಿಡಿ ಅಕ್ಕ. ನೀವು ಅಂದಿದ್ದಕ್ಕೆ ನಾನು ಬೇಜಾರು ಮಾಡ್ಕೊಂಡಿದ್ದಲ್ಲ. ಅಲ್ಲಿ ಹತ್ತು ಜನ ಇದ್ರಿ, ಇಲ್ಲ ಗೆಲ್ತಾಳೆ ಅನ್ನೋಕೆ ಒಬ್ಬರೂ ಬಾಯಿ ಬಿಡಲಿಲ್ಲವಲ್ಲ, ಅದಕ್ಕೆ" ಎಂದಳು.

ನನ್ನ ಕಣ್ಣು ತುಂಬಿ ಬಂತು. "ಮುಂದಿನ ಸಲ ನಿಲ್ತೀಯಾ?" ಎಂದೆ. "ನೀವು ಜೊತೆಗೆ ಮನೆ ಮನೆಗೆ ಬರ್ತೀರಾ?" ಎಂದು ಕೇಳಿದಳು. "ಬರ್ತೀನಿ" ಎಂದೆ. ಪುರಸಭೆ ಚುನಾವಣೆ ಯಾವಾಗಲೇ ಬರಲಿ, ಈ ಮಾತು ಉಳಿಸಿಕೊಳ್ಳಬೇಕೆಂದಿದ್ದೇನೆ. ಗೆಲ್ಲುತ್ತಾಳೋ ಸೋಲುತ್ತಾಳೋ ಕೇಳಬೇಡಿ. ನಾನೂ ಅವಳನ್ನು ಕೇಳಲಿಲ್ಲ.

ನಿಮ್ಮ ಬೀದಿಯಲ್ಲೂ ಇಂಥ ಒಬ್ಬಾಕೆ ಇರಲೇಬೇಕು. ಲೆಕ್ಕ ಸರಿಯಾಗಿ ಬರೆಯುವವಳು, ಅರ್ಜಿ ಹಿಡಿದು ಕಚೇರಿಗೆ ಹೋಗುವವಳು, ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಬರುವವಳು. ಅವಳ ಹೆಸರು ಯಾರಾದರೂ ಎತ್ತಿದಾಗ ನೀವು ಏನು ಹೇಳಿದಿರಿ? ನಿಮ್ಮ ಊರಿನ ಅನುಭವವನ್ನು ಈ ಪತ್ರಿಕೆಗೆ ಬರೆದು ತಿಳಿಸಿ. ಒಬ್ಬರದು ಓದಿ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ.